ಪೂಜೆಗೆ ಮುಂಚಿನ ಹಸಿವು

ಮೊನ್ನೆ ಸಂಜೆ ಕೆಲಗೇರಿ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೆ. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೆದರಿಸಿದ ಮೇಲೆ ಶುರುವಾದ ನಡಿಗೆ ಇದು, ಪ್ರಕೃತಿ ಪ್ರೇಮವೇನಲ್ಲ. ಏರಿಯ ತುದಿಯಲ್ಲಿ ಒಬ್ಬ ಹೆಣ್ಣುಮಗಳು ಬುಟ್ಟಿ ತುಂಬ ನೇರಳೆ ಹಣ್ಣು ಇಟ್ಟುಕೊಂಡು ಕುಳಿತಿದ್ದಳು. ಮಳೆ ಆಗಷ್ಟೇ ಹನಿದು ನಿಂತಿತ್ತು. ಹಣ್ಣಿನ ಮೇಲೆ ನೀರು ನಿಂತು ಒಂದೊಂದೂ ಕರ್ರಗೆ ಮಿಂಚುತ್ತಿತ್ತು. "ತಗೋರಿ ಯವ್ವಾ, ಸಕ್ರಿ ಜಡ್ಡಿಗೆ ಭಾಳ ಛಲೋ," ಅಂದಳು. ಮುಖ ನೋಡಿಯೇ ಜಡ್ಡು ಕಂಡುಹಿಡಿದಳಲ್ಲ ಎಂದು ಬೇರೆ ಹಣ್ಣಾಗಿದ್ದರೆ ನಕ್ಕು ಎರಡು ಮಾತಾಡಿಸುತ್ತಿದ್ದೆ. ಆದರೆ ಆ ಒಗರು ವಾಸನೆ ಮೂಗಿಗೆ ಬಂತು. ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದ ದಾರಿಗೇ ತಿರುಗಿದೆ. ಪಾಪ, ಆಕೆ ನನ್ನನ್ನು ಸೊಕ್ಕಿನವಳು ಅಂದುಕೊಂಡಿರಬೇಕು.

ಹಣ್ಣಿನ ತಪ್ಪೇನಿಲ್ಲ. ಧಾರವಾಡದಲ್ಲಿ ಮಾವು ಮುಗಿಯುತ್ತ ಬಂದ ಹಾಗೆ ನೇರಳೆ ಬರುತ್ತದೆ, ಮಳೆ ಜಿಟಿಜಿಟಿ ಹಿಡಿಯುತ್ತದೆ, ಬೀದಿಯ ಮಕ್ಕಳ ನಾಲಿಗೆಯೆಲ್ಲ ನೀಲಿಯಾಗುತ್ತದೆ. ಮೊದಲು ನನಗೂ ಅದು ಇಷ್ಟದ ಹಣ್ಣೇ. ಆದರೆ ಗೌರಕ್ಕ ನನ್ನ ಕಣ್ಣೆದುರಿಗೇ ಕರಗಿಹೋದ ಆ ಒಂದು ಮುಂಗಾರಿನ ನಂತರ ಅದು ನಮ್ಮ ಮನೆಯ ಹೊಸ್ತಿಲು ದಾಟಿಲ್ಲ.

ಗೌರಕ್ಕ ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮ ಕಡೆ ನೆಗೆಣ್ಣಿ ಅನ್ನುತ್ತಾರೆ. ನೆಗೆಣ್ಣಿಯರು ಒಂದೇ ಮನೆಯಲ್ಲಿ ಇರುವುದೆಂದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಇದ್ದ ಹಾಗೆ ಎಂದು ತವರಿನಲ್ಲಿ ಹೆದರಿಸಿ ಕಳಿಸಿದ್ದರು. ನಾನೇನೋ ಕತ್ತಿಯೇ ಆಗಿದ್ದೆ. ಅವಳು ಆಗಲಿಲ್ಲ. ನಾನು ಮದುವೆಯಾಗಿ ಬಂದ ಮರುದಿನ ಬೆಳಗ್ಗೆ ಚಹಾ ಮಾಡಿ ಕೊಟ್ಟರೆ ಅಕ್ಕ ಮುಟ್ಟಲಿಲ್ಲ. ನನ್ನ ಕೈಯದು ಸೇರದೇನೋ ಎಂದು ಸಿಟ್ಟು ಬಂತು. ಆಮೇಲೆ ತಿಳಿಯಿತು, ಸ್ನಾನ ಮುಗಿಸಿ ಲಿಂಗಪೂಜೆ ಆಗುವವರೆಗೆ ಅವಳು ನೀರನ್ನೂ ಬಾಯಿಗೆ ಹಾಕುವುದಿಲ್ಲವೆಂದು. ದೀಕ್ಷೆ ಆದಾಗ ತೊಟ್ಟ ನೇಮ. ಬಾಣಂತಿಯಾಗಿದ್ದಾಗಲೂ ಬಿಟ್ಟಿಲ್ಲವೆಂದು ನಮ್ಮ ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು. ಲಿಂಗ ನನ್ನ ಕೊರಳಲ್ಲೂ ಇತ್ತು, ನಮ್ಮ ಮನೆತನಗಳಲ್ಲಿ ಎಲ್ಲರ ಕೊರಳಲ್ಲೂ ಇರುತ್ತದೆ. ನನಗೆ ಅದು ತಾಳಿಯ ಜೊತೆ ತೂಗುವ ಇನ್ನೊಂದು ಸಾಮಾನು, ಅಷ್ಟೆ.

ಅಕ್ಕನ ಪೂಜೆ ನೋಡಲಿಕ್ಕೆ ದೊಡ್ಡದೇನೂ ಅಲ್ಲ. ಹಿಂದೆ ಒಂದು ಸಣ್ಣ ದೀಪ. ಎಡಗೈಯ ಮೇಲೆ ಲಿಂಗ. ನೀರು, ವಿಭೂತಿ, ಒಂದು ಬಿಲ್ವಪತ್ರೆ. ಆಮೇಲೆ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ಕೂಡುವುದು. ಕರ್ರಗೆ ನುಣ್ಣಗಿರುವ ಲಿಂಗದ ಮೇಲೆ ದೀಪದ ಬೆಳಕು ಒಂದು ಚುಕ್ಕೆಯಾಗಿ ಬೀಳುತ್ತದೆ, ಅವಳು ಆ ಚುಕ್ಕೆಯನ್ನು ನೋಡುತ್ತಾಳೆ. ಆ ಹೊತ್ತಿನಲ್ಲಿ ಮಾಳಿಗೆ ಕುಸಿದು ಬಿದ್ದರೂ ಏಳುವವಳಲ್ಲ. "ಏನ ಕಾಣ್ತೈತಿ ಅಕ್ಕಾ ಅದರಾಗ? ಸಿನಿಮಾ ಏನು?" ಎಂದು ನಾನು ಕಾಡುತ್ತಿದ್ದೆ. "ಏನೂ ಕಾಣಂಗಿಲ್ಲವಾ, ನೋಡೂದ ಐತಿ ಅಷ್ಟ," ಅನ್ನುತ್ತಿದ್ದಳು. ನನಗೆ ನಗು ಬರುತ್ತಿತ್ತು.

ನಗು ನಿಂತದ್ದು ನನ್ನ ಗಂಡ ಲಾರಿ ಅಪಘಾತದಲ್ಲಿ ಹೋದ ವರ್ಷ. ಅದಕ್ಕೂ ಮೊದಲೇ ಅತ್ತೆ, ಭಾವ ಇಬ್ಬರೂ ತೀರಿಕೊಂಡಿದ್ದರು. ಮನೆಯಲ್ಲಿ ಉಳಿದದ್ದು ಇಬ್ಬರು ವಿಧವೆಯರು ಮತ್ತು ಅಕ್ಕನ ಮಗ ಮಾಂತೇಶ. ನನಗೆ ಮಕ್ಕಳಾಗಿರಲಿಲ್ಲ. ಊಟ ಬೇಡ, ಮಾತು ಬೇಡ, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಿದ್ದೆ. ಒಂದು ಬೆಳಗ್ಗೆ ಅಕ್ಕ ಬಂದು ತೋಳು ಹಿಡಿದು ಎಬ್ಬಿಸಿ, ತನ್ನ ಪಕ್ಕ ಕೂರಿಸಿಕೊಂಡು, ನನ್ನ ಲಿಂಗವನ್ನು ನನ್ನ ಅಂಗೈಗೆ ಇಟ್ಟಳು. "ಏನೂ ಕೇಳಬ್ಯಾಡ, ಏನೂ ಅನಬ್ಯಾಡ. ಅಳು ಬಂದ್ರ ಅಳು. ಕಣ್ಣು ಮಾತ್ರ ತಗೀಬ್ಯಾಡ," ಅಂದಳು. ದುಃಖ ಹೋಯಿತು ಅನ್ನಲಾರೆ. ಆದರೆ ಅದರ ಪಕ್ಕದಲ್ಲಿ ಕೂಡಲಿಕ್ಕೆ ಒಂದು ಜಾಗ ಸಿಕ್ಕಿತು. ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಇಬ್ಬರೂ ಕೂಡುತ್ತಿದ್ದೆವು. ನನ್ನ ಮನಸ್ಸು ಬಹುಪಾಲು ಅಂದಿನ ಪಲ್ಯದ ಮೇಲೆ ಇರುತ್ತಿತ್ತು, ಅದು ಬೇರೆ ಮಾತು.

ಪಲ್ಯ ಎಂದೆ, ಯಾಕೆಂದರೆ ಹೊಟ್ಟೆಪಾಡಿಗೆ ನಾವು ಹಳೆ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ಇಟ್ಟಿದ್ದೆವು. ಅಕ್ಕ ರೊಟ್ಟಿ ಬಡಿಯುವುದು, ನಾನು ಬಡಿಸುವುದು ಮತ್ತು ಜಗಳಾಡುವುದು. ಕಾಲೇಜು ಹುಡುಗರು, ಕಚೇರಿ ಕೆಲಸಕ್ಕೆ ಬಂದ ಹಳ್ಳಿಯವರು, ಕೋರ್ಟಿನ ಕಕ್ಷಿದಾರರು, ಎಲ್ಲರಿಗೂ ಅಕ್ಕನ ರೊಟ್ಟಿಯೇ ಬೇಕು. ಗಿರಾಕಿ ಕೂಗಿದರೆ ಅವಳು ತಲೆ ಎತ್ತುವವಳಲ್ಲ. "ಅಕ್ಕಾ, ಅಲ್ಲಿ ಹೊಯ್ಕೊಳ್ಳಾಕತ್ತಾರ!" ಎಂದು ನಾನು ಕುದಿದರೆ, "ಹೊಯ್ಕೊಳ್ಳಲಿ ಬಿಡು, ಈಗ ಎದ್ರ ರೊಟ್ಟಿ ಹರೀತೈತಿ," ಎಂದು ಕೈಯಲ್ಲಿದ್ದದ್ದನ್ನು ಮುಗಿಸಿಯೇ ನೋಡುತ್ತಿದ್ದಳು. ಬೆಳಗ್ಗೆ ಲಿಂಗ ನೋಡುತ್ತಿದ್ದ ಕಣ್ಣಿನಿಂದಲೇ ಮಧ್ಯಾಹ್ನ ರೊಟ್ಟಿಯನ್ನೂ ನೋಡುತ್ತಾಳೆ ಎಂದು ನನಗೆ ಆಗಾಗ ಅನ್ನಿಸುತ್ತಿತ್ತು. ಅಂಥವಳ ಜೊತೆ ಇದ್ದರೆ ನನ್ನಂಥ ಬಾಯಿಬಡುಕಿಯೂ ಒಂದಲ್ಲ ಒಂದು ದಿನ ದಡ ಸೇರುತ್ತಾಳೆ ಎಂದು ಧೈರ್ಯವಿತ್ತು.

ಅಕ್ಕನ ಮರೆವು ಶುರುವಾದದ್ದು ಉಪ್ಪಿನಿಂದ. ಒಂದು ದಿನ ಸಾರಿಗೆ ಎರಡು ಸಲ ಉಪ್ಪು. ಮತ್ತೊಂದು ದಿನ ಉಪ್ಪೇ ಇಲ್ಲ. ಮಾರುಕಟ್ಟೆಗೆ ಹೋದವಳು ದಾರಿ ತಪ್ಪಿ ಯಾರದೋ ಮನೆಯ ಕಟ್ಟೆಯ ಮೇಲೆ ಕುಳಿತಿದ್ದಳು. ವಯಸ್ಸು ಎಂದುಕೊಂಡೆವು. ಒಂದು ಮಧ್ಯಾಹ್ನ ಖಾನಾವಳಿಯಲ್ಲಿ ಜನ ತುಂಬಿದ್ದಾಗ ರೊಟ್ಟಿಯ ಸಪ್ಪಳ ನಿಂತುಬಿಟ್ಟಿತು. ಒಳಗೆ ಹೋಗಿ ನೋಡಿದರೆ ಅಕ್ಕ ಹಿಟ್ಟಿನ ಮುದ್ದೆ ಅಂಗೈಯಲ್ಲಿ ಹಿಡಿದು ನಿಂತಿದ್ದಾಳೆ, ಹಂಚು ಕಾದು ಹೊಗೆಯಾಡುತ್ತಿದೆ. "ಸುನಂದಿ, ಇದನ್ನ ಏನ ಮಾಡೂದು?" ಎಂದು ಕೇಳಿದಳು. ಮನಸ್ಸು ಮರೆತರೂ ಕೈ ಮರೆಯುವುದಿಲ್ಲ ಎಂದು ಜನ ಹೇಳುತ್ತಾರೆ. ಸುಳ್ಳು. ಅವಳ ಕೈಯೇ ಮೊದಲು ಮರೆಯಿತು.

ರೊಟ್ಟಿ ಬಡಿಯಲು ರಜಿಯಾ ಎಂಬವಳನ್ನು ಇಟ್ಟುಕೊಂಡೆವು. ಅಕ್ಕನನ್ನು ಹುಬ್ಬಳ್ಳಿಗೆ ಕರೆದೊಯ್ದು ತೋರಿಸಿದೆ. ಡಾಕ್ಟರು ಮೆದುಳಿನ ಫೋಟೊ ಗೋಡೆಯ ಬೆಳಕಿಗೆ ಹಿಡಿದು, ಈ ರೋಗದಲ್ಲಿ ಮನುಷ್ಯ ಇಳಿಯುತ್ತಲೇ ಹೋಗುತ್ತಾನೆ, ಮತ್ತೆ ಏರುವುದಿಲ್ಲ, ಗುಳಿಗೆಯಿಂದ ಸ್ವಲ್ಪ ತಡೆಯಬಹುದು ಅಷ್ಟೆ ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕ ಕಿಟಕಿ ಪಕ್ಕ ಕೂತಿದ್ದಳು. ನವಲೂರು ದಾಟಿದ ಮೇಲೆ ನನ್ನ ಕಡೆ ತಿರುಗಿದಳು. ಅವತ್ತು ಅವಳ ತಲೆ ನನಗಿಂತ ಚೊಕ್ಕಟವಾಗಿತ್ತು.

"ಡಾಕ್ಟರ್ ಹೇಳಿದ್ದು ನನಗ ತಿಳೀತವಾ. ನಾ ಎಲ್ಲಾ ಮರೀತೀನಿ."

"ಅಂವಗ ಏನ ಗೊತ್ತಾಗ್ತೈತಿ ಬಿಡ ಅಕ್ಕಾ."

"ಹಂಗನಬ್ಯಾಡ. ನಿನ್ನ ಮರತರೂ ಚಿಂತಿಲ್ಲ, ಮಗನ್ನ ಮರತರೂ ಚಿಂತಿಲ್ಲ. ನನಗ ಒಂದು ಮಾತು ಕೊಡು. ಪೂಜಿ ಇಲ್ದ ನನ್ನ ಬಾಯಾಗ ಹನಿ ನೀರು ಹಾಕಬ್ಯಾಡ. ನನಗ ನೆನಪಿರಂಗಿಲ್ಲ, ನೀ ನೆನಪಿಡು. ನಾ ಬೇಡಿದ್ರೂ ಕೊಡಬ್ಯಾಡ."

"ಕೊಡಂಗಿಲ್ಲ."

"ಕೈಮ್ಯಾಲೆ ಕೈ ಹಾಕಿ ಹೇಳು."

ಹಾಕಿ ಹೇಳಿದೆ. ಬಸ್ಸಿನಲ್ಲಿ ಮುಂದೆ ಕೂತವರು ಹಿಂತಿರುಗಿ ನೋಡುತ್ತಿದ್ದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ನಾನು ಆಡಿಬಿಟ್ಟಿದ್ದೆ. ಆಗ ಅದು ಭಾರವೆನಿಸಲಿಲ್ಲ. ಒಬ್ಬಳನ್ನು ದಿನಾ ಬೆಳಗ್ಗೆ ಕೂರಿಸುವುದರಲ್ಲಿ ಏನು ಕಷ್ಟ? ಅವಳು ನನ್ನನ್ನು ಕೂರಿಸಿರಲಿಲ್ಲವೇ?

ಆ ವರ್ಷ ಕಾರಹುಣ್ಣಿಮೆಗೆ ಮಳೆ ಹಿಡಿಯಿತು. ನಮ್ಮ ಓಣಿಯ ಮಣ್ಣೆಲ್ಲ ರಾಡಿ, ಬಟ್ಟೆ ಒಣಗುವುದಿಲ್ಲ, ಕಟ್ಟಿಗೆ ಹಸಿ. ಬೆಳಗ್ಗೆ ಎದ್ದು ಅಕ್ಕನಿಗೆ ಬಿಸಿನೀರು ಹಾಕಿ, ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಮಣೆಯ ಮೇಲೆ ಕೂರಿಸಿ, ಲಿಂಗ ಬಿಚ್ಚಿ ಅವಳ ಎಡಗೈಯ ಮೇಲೆ ಇಡುತ್ತಿದ್ದೆ. ಮೊದಲ ಕೆಲವು ವಾರ ನನಗೆ ಹಬ್ಬವೇ. ಮಗನ ಹೆಸರು ತಪ್ಪುತ್ತಿದ್ದವಳು, ಬಚ್ಚಲು ಎಲ್ಲಿ ಎಂದು ಕೇಳುತ್ತಿದ್ದವಳು, ಲಿಂಗ ಅಂಗೈಗೆ ಬಂದದ್ದೇ ಬೆನ್ನು ನೆಟ್ಟಗೆ ಮಾಡುತ್ತಿದ್ದಳು. ಕಣ್ಣು ಆ ಬೆಳಕಿನ ಚುಕ್ಕೆಯ ಮೇಲೆ ನಿಲ್ಲುತ್ತಿತ್ತು. ಮಾಂತೇಶ ತಾರಿಹಾಳದ ವರ್ಕ್‌ಶಾಪಿಗೆ ಹೊರಡುವಾಗ "ಯವ್ವಾ, ಹೋಗಿಬರ್ತೀನಿ" ಎಂದು ಎಷ್ಟು ಜೋರಾಗಿ ಕೂಗಿದರೂ ಅವಳ ರೆಪ್ಪೆ ಅಲುಗುತ್ತಿರಲಿಲ್ಲ.

"ನೋಡೋ," ಎಂದು ನಾನು ಅವನಿಗೆ ಪಿಸುಗುಟ್ಟಿದೆ. "ಎಲ್ಲಾ ಹೋದ್ರೂ ಇದು ಉಳದೈತಿ. ಇದು ತಲ್ಯಾಗ ಇಲ್ಲ, ಇನ್ನೂ ಒಳಗ ಐತಿ. ಯಾವ ಡಾಕ್ಟರಗೂ ಇದರ ಫೋಟೊ ತಗಿಯಾಕ ಬರಂಗಿಲ್ಲ."

ಅವನು ತಾಯಿಯನ್ನು ನೋಡಿ ಕಣ್ಣು ಒರೆಸಿಕೊಂಡು ಹೋದ. ನಾನು ಅವತ್ತು ಖಾನಾವಳಿಯಲ್ಲಿ ಎಲ್ಲರಿಗೂ ಕೇಳದೆಯೇ ಎರಡನೇ ಸಲ ಮೊಸರು ಹಾಕಿದೆ.

ಆ ಸಂತೋಷ ಮುರಿದದ್ದು ಬಚ್ಚಲಲ್ಲಿ. ಒಂದು ಮಧ್ಯಾಹ್ನ ನಳ ಸೋರುತ್ತಿದೆ ಎಂದು ಹೋದರೆ ಅಕ್ಕ ಅದರ ಎದುರಿಗೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಬೆನ್ನು ನೆಟ್ಟಗೆ, ಕಣ್ಣು ಮಿಟುಕದೆ, ತೊಟ್ಟಿಕ್ಕುವ ನಳವನ್ನು ನೋಡುತ್ತಿದ್ದಳು. ಅದೇ ನೋಟ. ನಾನು ಕರೆದೆ, ರೆಪ್ಪೆ ಅಲುಗಲಿಲ್ಲ. ಅಂದಿನಿಂದ ಕಣ್ಣಿಟ್ಟು ನೋಡತೊಡಗಿದೆ. ಗೋಡೆಯ ಮೇಲಿನ ಸುಣ್ಣ ಕಿತ್ತ ಕಲೆಯನ್ನು ಹಾಗೇ ನೋಡುತ್ತಿದ್ದಳು. ಗ್ಯಾಸ್ ಸಿಲಿಂಡರನ್ನು ಹಾಗೇ ನೋಡುತ್ತಿದ್ದಳು. ನಾನು ಧ್ಯಾನ ಎಂದುಕೊಂಡು ಕೈಮುಗಿದದ್ದು ಬರಿದಾದ ಮನೆಯ ತೆರೆದ ಕಿಟಕಿಗೆ. ಇರಬಹುದು, ಇಲ್ಲದಿರಬಹುದು. ಹೊರಗೆ ನಿಂತವರಿಗೆ ಧ್ಯಾನ, ಮರೆವು ಎರಡೂ ಒಂದೇ ಥರ ಕಾಣುತ್ತವೆ ಎಂಬುದು ನನಗೆ ಆವರೆಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನನ್ನ ಪೂಜೆಯೂ ಕೆಟ್ಟಿತು. ಅಂಗೈ ನೋಡುತ್ತ ಕೂತರೆ ನಾನೇನು ಮಾಡುತ್ತಿದ್ದೇನೆ ಎಂದು ನನಗೇ ಅನುಮಾನ.

ಆದರೂ ಮಾತು ಮಾತೇ. ಮಳೆ ಜೋರಾಯಿತು, ಅಕ್ಕ ಇನ್ನೂ ಇಳಿದಳು. ಈಗ ಸ್ನಾನಕ್ಕೆ ಬರಲೊಲ್ಲಳು, ನೀರು ಕಂಡರೆ ಹೆದರಿಕೆ. ಅವಳನ್ನು ಒಲಿಸಿ, ಬೈದು, ಮೀಯಿಸಿ ಮಣೆಯ ಮೇಲೆ ತಂದು ಕೂರಿಸುವಷ್ಟರಲ್ಲಿ ಹೊತ್ತೇರುತ್ತಿತ್ತು. ಲಿಂಗ ಇಟ್ಟರೆ ಕೈ ತಿರುಗಿಸಿ ಕೆಳಗೆ ಬೀಳಿಸುವಳು. ಪೂಜೆ ಪೂರ್ತಿ ಆಗದೆ ತಿನ್ನಲು ಕೊಡುವ ಹಾಗಿಲ್ಲ. ಪೂಜೆಯೋ, ಆಗುವುದಿಲ್ಲ. ಒಮ್ಮೊಮ್ಮೆ ನಡುಹಗಲು ದಾಟುತ್ತಿತ್ತು.

"ಯವ್ವಾ, ಹಸಿವಾಗೈತಿ," ಅನ್ನುವಳು. ನನಗೇ ಯವ್ವಾ ಎಂದು.

"ಪೂಜಿ ಮಾಡಕ್ಕಾ, ಆಮ್ಯಾಲೆ ಬಿಸಿ ರೊಟ್ಟಿ ಕೊಡ್ತೀನಿ."

"ಯಾವ ಪೂಜಿ?"

"ನಿಂದ ಅಕ್ಕಾ. ನೀನ ಹೇಳಿದ್ದು."

"ನಾ ಹೇಳಿಲ್ಲ. ನಾ ಏನೂ ಹೇಳಿಲ್ಲ." ಎಂದು ಅಳುವಳು.

ಒಂದು ದಿನ ಬೆಲ್ಲದ ಡಬ್ಬಿಗೆ ಕೈ ಹಾಕಿದ್ದು ಸಿಕ್ಕಿತು. ಅಡುಗೆಮನೆಗೆ ಕೀಲಿ ಹಾಕತೊಡಗಿದೆ. ಜೀವನದಲ್ಲಿ ಒಂದು ಕೆಟ್ಟ ಮಾತು ಆಡದಿದ್ದ ಗೌರಕ್ಕ ಬಾಗಿಲು ಬಡಿಯುತ್ತ ನನಗೆ ಬಯ್ಯುತ್ತಿದ್ದ ಬೈಗುಳ ಕೇಳಿ ಓಣಿಯ ಗಂಡಸರು ತಲೆ ತಗ್ಗಿಸಿ ಹೋಗುತ್ತಿದ್ದರು. ಬೈಗುಳಕ್ಕೆ ನಾನು ಅಂಜುವವಳಲ್ಲ, ಖಾನಾವಳಿ ನಡೆಸಿದವಳು. ನನಗೆ ಉರಿದದ್ದು ಬೇರೆ. ಅಷ್ಟು ವರ್ಷದ ಬೆಳಗುಗಳು ಎಲ್ಲಿ ಹೋದವು? ಆ ಶಾಂತಿ ಅವಳದಾಗಿದ್ದರೆ ಅದರ ಒಂದು ಚೂರಾದರೂ ತಳದಲ್ಲಿ ಉಳಿಯಬೇಡವೇ? ತಳದಲ್ಲಿ ಉಳಿದದ್ದು ಬರೀ ಹೆದರಿಕೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತಲ್ಲ.

ರಜಿಯಾ ಒಂದು ಸಲ ತಡೆಯಲಾರದೆ ಹೇಳಿದಳು. "ಬಾಯಾರ, ತಪ್ಪು ತಿಳಕೋಬ್ಯಾಡ್ರಿ. ನಮ್ಮಲ್ಲೂ ಜಡ್ಡ ಇದ್ದವರಿಗೆ ರಂಜಾನ್ ರೋಜಾ ಮಾಫ್ ಐತ್ರಿ. ದೊಡ್ಡ ಬಾಯಾರು ಬರೇ ಹಸದಾರ, ಬ್ಯಾರೆ ಏನಿಲ್ಲ."

"ನಿಮ್ಮದು ನಿಮಗ, ನಮ್ಮದು ನಮಗ," ಎಂದು ಗದರಿದೆ. "ಆಕಿಗೆ ಮಾತು ಕೊಟ್ಟಾಕಿ ನೀ ಏನು?"

ಅವಳು ರೊಟ್ಟಿ ಬಡಿಯುತ್ತ ಹೋದಳು. ನಾನು ಇಡೀ ಮಧ್ಯಾಹ್ನ ಸಿಟ್ಟಿನಲ್ಲಿ ಬಡಿಸಿದೆ.

ಆಷಾಢದ ಕೊನೆಯಲ್ಲಿ ಒಂದು ಸಂಜೆ ಮಾಂತೇಶ ನೇರಳೆ ಹಣ್ಣು ತಂದ. ಅಕ್ಕ ಮಗುವಿನ ಹಾಗೆ ಎರಡೂ ಕೈಯಲ್ಲಿ ತಿಂದಳು, ನಾಲಿಗೆ ಹೊರಗೆ ಹಾಕಿ ನಮಗೆ ತೋರಿಸಿದಳು. ಎಷ್ಟೋ ದಿನದ ಮೇಲೆ ಮೂವರೂ ನಕ್ಕೆವು. ಮಾರನೆಯ ಬೆಳಗ್ಗೆ ಅವಳು ಹಟ ಮಾಡದೆ ಮೀಯಿಸಿಕೊಂಡಳು. ನನಗೆ ಮತ್ತೆ ಆಸೆ ಚಿಗುರಿತು. ದೀಪ ಹಚ್ಚಿದೆ, ಲಿಂಗವನ್ನು ಅಂಗೈಯ ಮೇಲಿಟ್ಟೆ, ನೀರು ಎರೆದೆ. ಅವಳು ನೋಡುತ್ತಿದ್ದಳು, ಈ ಸಲ ಬರಿದಾದ ನೋಟವಲ್ಲ, ಅದರಲ್ಲಿ ಏನೋ ಇತ್ತು. "ಬಂದಳು," ಎಂದುಕೊಂಡೆ, ಸುಳ್ಳಲ್ಲ, ಬಾಯಿಬಿಟ್ಟು ಅಂದೆ. ಬಿಲ್ವಪತ್ರೆಗೆಂದು ಹಿಂದಕ್ಕೆ ತಿರುಗಿದೆ. ಕಟ್ ಎಂದು ಸಪ್ಪಳವಾಯಿತು.

ಅಕ್ಕ ಲಿಂಗವನ್ನು ಕಚ್ಚಿದ್ದಳು. ಹಲ್ಲಿನ ಒಂದು ಚೂರು ಮುರಿದು ತುಟಿಯಿಂದ ರಕ್ತ ಇಳಿಯುತ್ತಿತ್ತು. ಮೇಲಿನ ಕಪ್ಪು ಹೊದಿಕೆ ಒಂದು ಕಡೆ ಎದ್ದು ಅವಳ ಸೀರೆಯ ಮೇಲೆ ಬಿದ್ದಿತ್ತು. ಅವಳು ಉಗುಳಿ, ನನ್ನ ಮುಖ ನೋಡಿ, "ಕಲ್ಲಿನಂಥಾ ಹಣ್ಣು ಕೊಟ್ಟೀಯಲ್ಲ, ರಂಡಿ," ಅಂದಳು. ನಾನು ನೀರಿನ ತಂಬಿಗೆ ಹಿಡಿದು ಹಾಗೇ ಕೂತೆ. ಕೊನೆಗೆ ಅವಳೇ ಸೆರಗಿನಿಂದ ತನ್ನ ಬಾಯಿ ಒರೆಸಿಕೊಂಡಳು.

ಮಾಂತೇಶ ಕೆಲಸಕ್ಕೆ ಹೋಗಲಿಲ್ಲ. "ಕಾಕಿ, ಗಂಟಲಾಗ ಸಿಕ್ಕಿದ್ರ ಏನ ಮಾಡ್ತಿದ್ದಿ? ತಗದಿಡು ಅದನ್ನ. ಸಾಕು," ಎಂದು ಕೂಗಾಡಿದ. ಅವನು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ನಾನು ಹೆಬ್ಬಳ್ಳಿಯ ಅಯ್ಯನವರಿಗೆ ಫೋನ್ ಮಾಡಿಸಿದೆ. ಅಕ್ಕನಿಗೆ ದೀಕ್ಷೆ ಕೊಟ್ಟವರ ಮಗ ಅವರು, ಈಗ ಆ ಕೆಲಸದ ಜೊತೆ ಹೊಲವನ್ನೂ ನೋಡಿಕೊಳ್ಳುತ್ತಾರೆ. ಮಳೆಯಲ್ಲೇ ಬೈಕಿನ ಮೇಲೆ ಬಂದರು. ಕಾಲೆಲ್ಲ ಎರೆಮಣ್ಣು. ಲಿಂಗವನ್ನು ತಿರುಗಿಸಿ ತಿರುಗಿಸಿ ನೋಡಿ, "ಮ್ಯಾಲಿನ ಕಂತಿ ಅಷ್ಟ ಒಡದೈತ್ರಿ, ಒಳಗಿಂದು ಹಂಗ ಐತಿ. ಮತ್ತ ಕಂತಿ ಕಟ್ಟಿಸಿ ಕೊಡ್ತೀನಿ," ಎಂದರು.

"ಕಲ್ಲಿನ ಮಾತು ಬಿಡ್ರಿ ಅಯ್ಯಾರ. ಆಕಿ ಒಳಗಿಂದು ಎಲ್ಲಿ ಹೋತು, ಅದನ್ನ ಹೇಳ್ರಿ."

"ಹೋಗೂದಿಲ್ರಿ ತಂಗಿ. ಮಾಡಿದ್ದು ಎಲ್ಲೂ ಹೋಗೂದಿಲ್ಲ. ಆತ್ಮಕ್ಕ ಮರವು ಇಲ್ಲ, ಮರವು ಏನಿದ್ರೂ ದೇಹಕ್ಕ..."

"ಬ್ಯಾಡ್ರಿ," ಅಂದೆ. ನನ್ನ ದನಿ ನನಗೇ ಒರಟಾಗಿ ಕೇಳಿತು. "ಆ ಮಾತು ನನಗೂ ಬರ್ತಾವು. ನೀವು ಖರೇನ ಹೇಳ್ರಿ."

ಅವರು ಲಿಂಗವನ್ನು ತಿರುಗಿ ನನ್ನ ಕೈಗೆ ಕೊಟ್ಟರು. ಒಳಗೆ ಅಕ್ಕ ಯಾರನ್ನೋ ಬಯ್ಯುತ್ತಿದ್ದಳು.

"ನಮ್ಮ ಅವ್ವಗೂ ಹಿಂಗ ಆಗಿತ್ರಿ," ಎಂದರು ಕೊನೆಗೆ. "ಊರೆಲ್ಲಾ ನನ್ನ ಕಡೆ ಕೇಳಾಕ ಬರ್ತಾರ. ನಾ ಯಾರ್ನ ಕೇಳಲಿ? ನನಗ ಗೊತ್ತಿಲ್ರಿ."

"ಮಾತು ಕೊಟ್ಟೀನಿ. ಮುರೀಲೋ ಬ್ಯಾಡೋ?"

"ಅದೂ ಗೊತ್ತಿಲ್ಲ."

ಚಹಾ ಕುಡಿದು ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಮುಂಗಾರಿನಲ್ಲಿ ನನಗೆ ಸುಳ್ಳು ಹೇಳದ ಒಬ್ಬರೇ ಅವರು. ಆದರೆ ಗೊತ್ತಿಲ್ಲ ಎಂಬ ಮಾತನ್ನು ಹಿಡಿದುಕೊಂಡು ನಾನು ಮರುದಿನ ಬೆಳಗ್ಗೆ ಏನು ಮಾಡಬೇಕಿತ್ತು?

ಮಾಡಿದ್ದನ್ನೇ ಮಾಡಿದೆ. ಲಿಂಗ ಅವಳ ಕೈಗೆ ಕೊಡದೆ ನನ್ನ ಅಂಗೈಯಲ್ಲಿಟ್ಟು ಅವಳ ಕಣ್ಣಿನ ಮುಂದೆ ಹಿಡಿಯುತ್ತಿದ್ದೆ. ಅವಳು ಮುಖ ತಿರುಗಿಸುತ್ತಿದ್ದಳು. ಗಲ್ಲ ಹಿಡಿದು ಈ ಕಡೆ ತಿರುಗಿಸುತ್ತಿದ್ದೆ. ಬಸ್ಸಿನಲ್ಲಿ ನನ್ನಿಂದ ಕೈಮೇಲೆ ಕೈ ಹಾಕಿಸಿಕೊಂಡಿದ್ದ ಆ ಗೌರಕ್ಕ ಎಲ್ಲೋ ಕೂತು ನೋಡುತ್ತಿದ್ದಾಳೆ, ಅವಳಿಗೆ ನಾನು ಮೋಸ ಮಾಡಬಾರದು, ಎಂಬುದೊಂದೇ ತಲೆಯಲ್ಲಿತ್ತು. ಎದುರಿಗೆ ಕೂತವಳೂ ಗೌರಕ್ಕನೇ. ಇವಳು ಬೇಡುತ್ತಿದ್ದದ್ದು ರೊಟ್ಟಿ. ಇಬ್ಬರಲ್ಲಿ ಯಾರ ಮಾತು ಕೇಳಿದರೂ ಇನ್ನೊಬ್ಬಳಿಗೆ ಮೋಸವೇ.

ಅವಳು ಹೋದದ್ದು ಆ ಮೇಲಿನ ಮಾಘದಲ್ಲಿ, ನ್ಯುಮೋನಿಯಾ ಆಗಿ. ನಮ್ಮಲ್ಲಿ ಸತ್ತವರನ್ನು ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಹಣೆ ತುಂಬ ವಿಭೂತಿ ಹಚ್ಚಿ ಕೂರಿಸಿದ್ದನ್ನು ನೋಡಿ ಬಂದವರೆಲ್ಲ "ಎಷ್ಟ ಶಾಂತ ಕುಂತಾಳ ನೋಡ್ರಿ, ಶಿವಯೋಗಿ" ಎಂದರು. ಬೀಳದ ಹಾಗೆ ಬೆನ್ನಿಗೆ ಹಲಗೆ ಕೊಟ್ಟು ಬಟ್ಟೆಯಿಂದ ಬಿಗಿದವಳು ನಾನು. ನನಗೆ ಅದರಲ್ಲಿ ಶಾಂತಿ ಕಾಣಲಿಲ್ಲ. ಈಗಲೂ ಬೆಳಗ್ಗೆ ಅಂಗೈ ಹಿಡಿದು ಕೂಡುತ್ತೇನೆ, ಚಹಾ ಕುಡಿದೇ ಕೂಡುತ್ತೇನೆ. ರೂಢಿ. ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಕೇಳಿದರೆ, ಅಯ್ಯನವರು ಹೇಳಿದ್ದೇ ನನ್ನ ಉತ್ತರ.

ಆದರೆ ಆ ಮುಂಗಾರು ನನ್ನ ಮಟ್ಟಿಗೆ ಮುಗಿದದ್ದು ಮಾಘದಲ್ಲಲ್ಲ, ಅದಕ್ಕೂ ಮೊದಲಿನ ಶ್ರಾವಣದ ಒಂದು ಸೋಮವಾರ. ಓಣಿಯಲ್ಲೆಲ್ಲ ಹೂವು, ಪತ್ರೆ, ಗುಡಿಗೆ ಹೋಗುವವರ ಸಾಲು. ನಾನು ಬಚ್ಚಲಲ್ಲಿ ನೀರು ಕಾಸುತ್ತಿದ್ದೆ. ಹೊರಗೆ ಯಾರದೋ ನಗು ಕೇಳಿ ಬಂದು ನೋಡಿದರೆ ಅಕ್ಕ ಹೊಸ್ತಿಲಲ್ಲಿ ನಿಂತಿದ್ದಾಳೆ. ಕೂದಲು ಬಿಚ್ಚಿಹೋಗಿದೆ. ಜಿಟಿಜಿಟಿ ಮಳೆಗೆ ಸೆರಗು ತೊಯ್ದಿದೆ. ಹೋಗುವ ಬರುವವರ ಮುಂದೆ ಎಡಗೈ ಚಾಚಿ, "ಯವ್ವಾ, ಒಂದ ರೊಟ್ಟಿ ಕೊಡ್ರಿ ಯವ್ವಾ. ನಿಮಗ ಪುಣ್ಯಾ ಬರ್ತೈತಿ," ಎಂದು ಬೇಡುತ್ತಿದ್ದಳು. ಅರ್ಧ ಧಾರವಾಡಕ್ಕೆ ರೊಟ್ಟಿ ಬಡಿದ ಕೈ ಅದು. ಯಾರೋ ಗುಡಿಗೆ ಒಯ್ಯುತ್ತಿದ್ದ ಬಾಳೆಹಣ್ಣು ಕೊಡಲು ಬಂದವರು ನನ್ನನ್ನು ಕಂಡು ಹಿಂದೆ ಸರಿದರು.

ಅವಳ ಕೈ ಹಿಡಿದು ಒಳಗೆ ಕರೆತಂದೆ. ಬಚ್ಚಲಿಗಲ್ಲ. ಅಡುಗೆಮನೆಯ ಕೀಲಿ ತೆಗೆದು, ಒಲೆಯ ಹತ್ತಿರ ಮಣೆ ಹಾಕಿ ಕೂರಿಸಿದೆ. ಹಂಚು ಕಾಯಲು ಇಟ್ಟು ಹಿಟ್ಟು ನಾದಿದೆ. ಸ್ನಾನವಿಲ್ಲ, ವಿಭೂತಿಯಿಲ್ಲ, ಪೂಜೆಯಿಲ್ಲ. ಅವಳಿಗೂ ಇಲ್ಲ, ನನಗೂ ಇಲ್ಲ. ಅವಳ ಕಡೆ ನೋಡಲು ಧೈರ್ಯ ಸಾಲದೆ ಬೆನ್ನು ತಿರುಗಿಸಿಯೇ ರೊಟ್ಟಿ ಬಡಿದೆ. ಬೆಣ್ಣೆ ಸವರಿ, ಶೇಂಗಾ ಚಟ್ನಿ ಹಾಕಿ, ತಾಟನ್ನು ಅವಳ ಮುಂದೆ ಇಟ್ಟೆ. ಅವಳು ಒಂದು ಗಳಿಗೆ ನನ್ನನ್ನು ನೋಡಿದಳು, ಕಸಿದುಕೊಳ್ಳುತ್ತಾರೇನೋ ಎಂಬಂತೆ. ಆಮೇಲೆ ಮುರಿದ ಹಲ್ಲು ತಾಗದ ಹಾಗೆ ಒಂದು ಪಕ್ಕದಲ್ಲಿ ಅಗಿಯುತ್ತ ತಿನ್ನತೊಡಗಿದಳು. ಅವಳ ಕಣ್ಣಲ್ಲಿ ನೀರು ಬಂದದ್ದು ಚಟ್ನಿಯ ಖಾರಕ್ಕೋ ಏನೋ.

ಎರಡು ರೊಟ್ಟಿ ಮುಗಿದ ಮೇಲೆ ತಲೆ ಎತ್ತಿದಳು. "ನೀವು ಭಾಳ ಛಲೋ ಮನಷ್ಯಾರ ಅದೀರಿ," ಅಂದಳು. "ಯಾವೂರ್ರಿ ನಿಮ್ಮದು?"

"ಇಲ್ಲೇರಿ. ಧಾರವಾಡ."

ಅವಳು ಬಾಗಿಲ ಕಡೆ ಒಮ್ಮೆ ನೋಡಿ, ಹತ್ತಿರ ಸರಿದು, ನನ್ನ ಕೈ ಹಿಡಿದುಕೊಂಡು ದನಿ ತಗ್ಗಿಸಿದಳು.

"ನಮ್ಮ ಮನ್ಯಾಗ ಒಬ್ಬಾಕಿ ಇದ್ದಾಳ್ರಿ. ನನಗ ಉಣ್ಣಾಕ ಕೊಡಂಗಿಲ್ಲ. ದಿನಾ ಒಂದು ಕರೀ ಕಲ್ಲು ತೋರಿಸಿ ಕೂಡಸ್ತಾಳ."

"ಯಾಕ್ರಿ ಹಂಗ?"

"ಯಾರಿಗೊತ್ರಿ. ನಾ ಏನ ತಪ್ಪು ಮಾಡೇನೋ ಏನೋ." ಮತ್ತೆ ಬಾಗಿಲ ಕಡೆ ನೋಡಿದಳು. "ನೀವು ಕೊಟ್ರಿ ಅಂತ ಆಕಿಗೆ ಹೇಳಬ್ಯಾಡ್ರಿ ಮತ್ತ."

"ಇಲ್ರಿ," ಅಂದೆ. "ಹೇಳಂಗಿಲ್ಲ."